ಎಕ್ಸ್‌ರೇ ಕನ್ನಡಿ: ‘ನುಣುಪು’ ಒಂದೇ ಸಾಕೇ, ‘ವಾಟ’ವೂ ಬೇಕೇ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲ್ ಮಕ್ಕಳಿಗಾಗಿ ಎಕ್ಸ್‌ರೇ ದೂರದರ್ಶಕಗಳ ಬಗ್ಗೆ ಬರೆಯುತ್ತಿದ್ದೇನೆ. ಒಂದು ಪದ ಸಿಗದೆ ಬರವಣಿಗೆ ನಿಂತಿದೆ.

ಎಕ್ಸ್‌ರೇ ಕನ್ನಡಿಗೆ ನೇರವಾಗಿ ಬಿದ್ದರೆ ಒಳಗೇ ಇಂಗಿಹೋಗುತ್ತದೆ. ಒಂದು ಡಿಗ್ರಿ ಆಸುಪಾಸಿನ ಸಣ್ಣ ಕೋನದಲ್ಲಿ ಮೈ ಸವರಿಕೊಂಡು ಹೋದರೆ ಮಾತ್ರ ಪ್ರತಿಫಲಿಸುತ್ತದೆ. ‘ಸವರು’ ಇಲ್ಲಿ ಚೆನ್ನಾಗಿ ಒಪ್ಪುತ್ತದೆ, ಅಲ್ವಾ? ತೊಡಕು ಬರುವುದು ಕನ್ನಡಿಯ ಗುಣ ಹೇಳುವಾಗ.

ಮೊದಲು ಎಲ್ಲ ಕಡೆ ‘ನುಣುಪು’ ಎಂದೇ ಬರೆದೆ. ಆದರೆ ಕನ್ನಡಿ ಮಾಡುವವರು ನೋಡುವ ಗುಣಗಳು ಎರಡು. ಒಂದು, ಮೈಮೇಲಿನ ತರಿ. ಅದು ಪರಮಾಣುವಿನ ಗಾತ್ರದ ಲೆಕ್ಕದಲ್ಲಿರಬೇಕು. ಜಾಸ್ತಿಯಾದರೆ ಎಕ್ಸ್‌ರೇ ಚದುರಿ, ನಕ್ಷತ್ರದ ಸುತ್ತ ಮಸುಕು ಬೆಳಕು ಹರಡುತ್ತದೆ. ಇನ್ನೊಂದು, ಕನ್ನಡಿಯ ಉದ್ದಕ್ಕೂ ಮೈ ಸರಿಯಾದ ಓರೆಯಲ್ಲಿದೆಯೇ ಎಂಬುದು. ಅದು ಎಷ್ಟು ತಪ್ಪುತ್ತದೋ ಅದರ ಎರಡರಷ್ಟು ಕಿರಣ ದಾರಿ ತಪ್ಪುತ್ತದೆ.

ಬಾಹ್ಯಾಕಾಶದಿಂದ ನಕ್ಷತ್ರ ನೋಡುವ ಭಾರತದ ಉಪಗ್ರಹ ಆಸ್ಟ್ರೋಸ್ಯಾಟ್ ಹಾರಿದ್ದು 2015ರಲ್ಲಿ. ಅದರ ಎಕ್ಸ್‌ರೇ ದೂರದರ್ಶಕದ ಕನ್ನಡಿಗಳು ಚಿನ್ನ ಹೊದ್ದ ತೆಳು ಅಲ್ಯೂಮಿನಿಯಂ ಹಾಳೆಗಳು. ಹಗುರ, ಮೈಯೂ ನುಣುಪು. ಆದರೆ ಸುಲಭವಾಗಲೆಂದು, ನಿಖರವಾದ ಬಾಗಿನ ಬದಲು ಆಕಾರವನ್ನು ಶಂಕುವಿನಂತೆ ಮಾಡಿದ್ದಾರೆ. 1999ರಲ್ಲಿ ಹಾರಿದ, ನಾಸಾದ ‘ಚಂದ್ರಾ’ ಎಕ್ಸ್‌ರೇ ದೂರದರ್ಶಕದ್ದು ದಪ್ಪ ಗಾಜು, ಮೇಲೆ ಇರಿಡಿಯಂ ಲೇಪ. ಆ ಗಾಜನ್ನು ಪ್ಯಾರಾಬೋಲ, ಹೈಪರ್‌ಬೋಲ ಆಕಾರಕ್ಕೆ ಉಜ್ಜಿ ತಂದಿದ್ದಾರೆ. ಅದು ಅರ್ಧ ಆರ್ಕ್‌ಸೆಕೆಂಡಿನಷ್ಟು (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು) ಸೂಕ್ಷ್ಮವಾಗಿ ನೋಡಬಲ್ಲದು. ಆಸ್ಟ್ರೋಸ್ಯಾಟಿನ ಚಿತ್ರದಲ್ಲಿ ನಕ್ಷತ್ರದ ಚುಕ್ಕೆ ಅದಕ್ಕಿಂತ ಎಷ್ಟೋ ಪಟ್ಟು ಅಗಲವಾಗಿ ಹರಡುತ್ತದೆ. ಈ ವ್ಯತ್ಯಾಸವನ್ನು ಬರೀ ‘ನುಣುಪು’ ಇಟ್ಟುಕೊಂಡು ಹೇಗೆ ಹೇಳುವುದು?

ಅಳೆಯುವ ಸಲಕರಣೆಗಳೂ ಬೇರೆ ಬೇರೆ. ತರಿ ನೋಡಲು ಸೂಕ್ಷ್ಮದರ್ಶಕಗಳಿವೆ. ಓರೆ ನೋಡಲು, ಸಿಂಕ್ರೋಟ್ರಾನ್ (ತೀವ್ರ ಎಕ್ಸ್‌ರೇ ಹೊಮ್ಮಿಸುವ ದೊಡ್ಡ ಯಂತ್ರ) ಕೇಂದ್ರಗಳಲ್ಲಿ ಲಾಂಗ್ ಟ್ರೇಸ್ ಪ್ರೊಫೈಲರ್ ಎಂಬ ಸಲಕರಣೆ ಬಳಸುತ್ತಾರೆ. ಅದು ತೆಳು ಲೇಸರ್ ಕಿರಣವನ್ನು ಕನ್ನಡಿಯ ಉದ್ದಕ್ಕೂ ಸಾಗಿಸಿ, ಪ್ರತಿ ಜಾಗದಲ್ಲೂ ಯಾವ ಕೋನಕ್ಕೆ ವಾಪಸ್ ಬಂತು ಎಂದು ಗುರುತಿಸುತ್ತದೆ. ನೇರವಾಗಿ ಸಿಗುವುದು ಓರೆಯೇ. ಎತ್ತರವನ್ನು ಆಮೇಲೆ ಲೆಕ್ಕ ಹಾಕಿ ತೆಗೆಯುತ್ತಾರೆ. ಇಂದಿನ ಅತ್ಯುತ್ತಮ ಕನ್ನಡಿಗಳಲ್ಲಿ ಓರೆಯ ತಪ್ಪು 0.1 ಮೈಕ್ರೋರೇಡಿಯನ್‌ಗೂ ಕಡಿಮೆ. ಅಂದರೆ ಒಂದು ಕಿಲೋಮೀಟರಿಗೆ 0.1 ಮಿಲಿಮೀಟರ್ ಇಳಿಜಾರು.

ಹೀಗೆ ಬರೆಯುವಾಗಲೇ, ನೆಲದ ಇಳಿಜಾರಿಗೆ ಗಾರೆ ಕೆಲಸದವರು ಹೇಳುವ ‘ವಾಟ’ ನೆನಪಾಯಿತು. ಬಚ್ಚಲ ನೆಲ ಎಷ್ಟೇ ನುಣ್ಣಗಿರಲಿ, ವಾಟ ಸರಿಯಿಲ್ಲದಿದ್ದರೆ ನೀರು ನಿಲ್ಲುತ್ತದೆ. ಎರಡು ಗುಣ, ಎರಡು ಪದ, ಅವರ ಬಾಯಲ್ಲಿ ಆಗಲೇ ಇವೆ! ಹಾಗಾಗಿ ‘ತರಿ’ ಮತ್ತು ‘ವಾಟದ ತಪ್ಪು’ ಎಂದು ಬರೆಯೋಣ ಅನ್ನಿಸುತ್ತಿದೆ. ವಾಟದ ತಪ್ಪನ್ನೇ ‘ಪ್ರವಣತಾ ದೋಷ’ ಎಂದರೆ ಮಕ್ಕಳು ಅಲ್ಲೇ ಪುಸ್ತಕ ಮುಚ್ಚುತ್ತಾರೆ.

ನನಗಿರುವ ಅಳುಕು ಒಂದೇ. ನಮ್ಮ ಕಡೆ ವಾಟ ಅಂದರೆ ನೀರು ಹರಿಯಲು ಬೇಕೆಂದೇ ಕೊಡುವ ಇಳಿಜಾರು. ಬೇಡದೆ ಬಂದ ಓರೆಗೂ ಆ ಮಾತು ಸಲ್ಲುತ್ತದೆಯೇ? ಉತ್ತರ ಕರ್ನಾಟಕ, ಕರಾವಳಿ ಕಡೆಯವರು ಇದಕ್ಕೆ ಏನನ್ನುತ್ತೀರಿ? ಮರಗೆಲಸ, ಕಲ್ಲುಕೆಲಸದವರ ಮಾತು ಗೊತ್ತಿದ್ದರೆ ದಯವಿಟ್ಟು ಬರೆಯಿರಿ.