ಬಿ350 ಬೋರ್ಡಿಗೆ ರೈಜನ್ 5600 ಪ್ರೊಸೆಸರ್ ಕೂರುತ್ತಾ, ಇಲ್ಲಾ ಎಲ್ಲಾ ಬದಲಾಯಿಸಬೇಕಾ?

ಬನಶಂಕರಿ_ಬಾಟ್
ಎಲ್ಲರಿಗೂ ನಮಸ್ಕಾರ. ಮಷೀನ್ ಹೀಗಿದೆ: ರೈಜನ್ 5 1400 ಪ್ರೊಸೆಸರ್, ಬಿ350 ಮದರ್‌ಬೋರ್ಡ್, 8 ಜಿಬಿ ಡಿಡಿಆರ್4 ರ್‍ಯಾಮ್ ಒಂದೇ ಸ್ಟಿಕ್ (ವೇಗ 2400), 450 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ), ವಿಂಡೋಸ್ 10. ಹೊಸದಾಗಿ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ಹಾಕಿದ್ದೀನಿ, ಮಾನಿಟರ್ 1080ಪಿ. ಆದ್ರೂ ಗೇಮಲ್ಲಿ ಜನ, ಗಾಡಿ ಜಾಸ್ತಿ ಇರೋ ಕಡೆ ಹೋದ್ರೆ ತಡೆತಡೆದು ಓಡುತ್ತೆ. ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ಕೇಳಿದ್ರೆ ಬೋರ್ಡು, ರ್‍ಯಾಮು, ಪ್ರೊಸೆಸರ್ ಮೂರೂ ಹೊಸದು ತಗೊಳ್ಳಿ ಅಂತಾರೆ. ಅಷ್ಟು ದುಡ್ಡಿಲ್ಲ. ಬರೀ ಪ್ರೊಸೆಸರ್ ಬದಲಾಯಿಸಿದ್ರೆ ಸಾಕಾ?

ಥರ್ಮಲ್_ತಿಮ್ಮ
ಬೋರ್ಡ್ ಬದಲಾಯಿಸೋದು ಬೇಡ ಗುರು. ಮೊದಲು ತಪ್ಪು ಪ್ರೊಸೆಸರಿನದೇನಾ ಅಂತ ಖಾತ್ರಿ ಮಾಡ್ಕೊಳ್ಳಿ. ಆಫ್ಟರ್‌ಬರ್ನರ್ ಅನ್ನೋ ಬಳಕೆ ತೋರಿಸೋ ಸಾಫ್ಟ್‌ವೇರ್ ಹಾಕಿ, ತಡೆಯೋ ಜಾಗದಲ್ಲೇ ನಿಂತು ಗ್ರಾಫಿಕ್ಸ್ ಕಾರ್ಡಿನ ಬಳಕೆ ಎಷ್ಟು ಶೇಕಡಾ ಇದೆ ನೋಡಿ. ಆಮೇಲೆ ರೆಸಲ್ಯೂಶನ್ 720ಕ್ಕೆ ಇಳಿಸಿ. ಕಾರ್ಡು 60ರ ಆಸುಪಾಸಲ್ಲೇ ಇದ್ದು ಎಫ್‌ಪಿಎಸ್ (ಸೆಕೆಂಡಿಗೆ ಮೂಡೋ ಚಿತ್ರಗಳ ಸಂಖ್ಯೆ) ಒಂಚೂರೂ ಏರಲಿಲ್ಲ ಅಂದ್ರೆ ಕಾರ್ಡು ಪ್ರೊಸೆಸರಿಗೋಸ್ಕರ ಸುಮ್ನೆ ಕಾಯ್ತಾ ಕೂತಿದೆ ಅಂತ ಅರ್ಥ.

1400ರಲ್ಲಿ ಇರೋದು 4 ಕೋರ್ (ಲೆಕ್ಕ ಮಾಡೋ ಘಟಕ). ಅವೂ ಎರಡೆರಡರಂತೆ ಎರಡು ಗುಂಪು, ಒಂದೊಂದಕ್ಕೆ 4 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ). ಒಂದು ಗುಂಪಿನ ಕೋರಿಗೆ ಇನ್ನೊಂದರ ಹತ್ತಿರ ಇರೋ ಡೇಟಾ ಬೇಕಾದ್ರೆ ಸುತ್ತಿ ಬರಬೇಕು, ಆ ಸುತ್ತಾಟ ಗೇಮಲ್ಲಿ ತಡೆಯಾಗಿ ಕಾಣುತ್ತೆ. 5600ರಲ್ಲಿ 6 ಕೋರೂ ಒಂದೇ 32 ಎಂಬಿ ಕ್ಯಾಶ್ ಹಂಚ್ಕೊಳ್ತವೆ. ಎರಡೂ 65 ವ್ಯಾಟ್, ಹಾಗಾಗಿ ನಿಮ್ಮ ಬೋರ್ಡಿಗೆ ಹೆಚ್ಚಿನ ಭಾರ ಏನಿಲ್ಲ.

ಅಂಗಡಿಯಲ್ಲಿ 5600 ಕೇಳಿದ್ರೆ 5600ಜಿ ಇಲ್ಲಾ 5500 ಕೈಗಿಟ್ಟು "ಎಲ್ಲಾ ಒಂದೇ ಸಾರ್" ಅನ್ನಬಹುದು. ಒಂದೇ ಅಲ್ಲ. ಅವೆರಡರಲ್ಲೂ ಕ್ಯಾಶ್ 16 ಎಂಬಿ ಮಾತ್ರ. ಡಬ್ಬದ ಮೇಲಿನ ನಂಬರ್ ಅಕ್ಷರ ಸಮೇತ ಓದಿ. ಟ್ರೇ ಪೀಸ್ (ಡಬ್ಬ ಇಲ್ಲದೆ ಬಿಡಿಯಾಗಿ ಮಾರೋದು) ಅಗ್ಗ ಅಂತ ಬೀಳಬೇಡಿ, ಅದರ ಜೊತೆ ಕೂಲರ್ ಇರಲ್ಲ, ಡಬ್ಬದ ಮಾಲಿಗಿರೋ 3 ವರ್ಷದ ವಾರಂಟಿಯೂ ಇರಲ್ಲ. ಜಿಎಸ್‌ಟಿ ಬಿಲ್ ಕೇಳಿ ಇಸ್ಕೊಳ್ಳಿ.

ಬಯಾಸ್_ಭೈರ
ಮೇಲಿನದೆಲ್ಲ ಸರಿ, ಆದ್ರೆ ಜನ ಕೆಡಿಸ್ಕೊಳ್ಳೋದು ಹಾಕೋ ಕ್ರಮದಲ್ಲಿ. ಬಯಾಸ್ (ಬೋರ್ಡನ್ನ ಎಬ್ಬಿಸೋ ಸಾಫ್ಟ್‌ವೇರ್) ಅಪ್‌ಡೇಟ್ ಹಳೇ 1400 ಸಾಕೆಟ್‌ನಲ್ಲಿ ಇರೋವಾಗಲೇ ಆಗಬೇಕು. ಹಳೇ ಬಯಾಸ್‌ಗೆ 5600 ಯಾರು ಅಂತಲೇ ಗೊತ್ತಿಲ್ಲ, ಫ್ಯಾನ್ ತಿರುಗುತ್ತೆ, ಪರದೆ ಕಪ್ಪಾಗೇ ಇರುತ್ತೆ. ಹೊಸ ಪ್ರೊಸೆಸರ್ ಸತ್ತಿದೆ ಅಂತ ವಾಪಸ್ ತಗೊಂಡು ಹೋಗೋರಲ್ಲಿ ಬಹಳ ಜನರ ಕಥೆ ಇದೇ.

ಬೋರ್ಡಿನ ಮೇಲೇ ಮಾಡೆಲ್ ಮತ್ತು ರಿವಿಷನ್ ನಂಬರ್ ಅಚ್ಚಾಗಿರುತ್ತೆ. ಕಂಪನಿಯ ಸೈಟಲ್ಲಿ ಅದೇ ರಿವಿಷನ್ನಿನ ಸಿಪಿಯು ಪಟ್ಟಿ ತೆಗೆದು, 5600ರ ಮುಂದೆ ಯಾವ ಬಯಾಸ್ ಬರೆದಿದೆ ನೋಡಿ. ಕೆಲವು ಬೋರ್ಡಿಗೆ ನೇರ ಜಿಗಿಯೋಕಾಗಲ್ಲ, ನಡುವೆ ಒಂದು ಬಯಾಸ್ ಹಾಕಿ ಆಮೇಲೆ ಕೊನೇದು ಹಾಕಬೇಕು, ಅದನ್ನ ಅಲ್ಲೇ ಬರೆದಿರ್ತಾರೆ. ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್ ಮಾಡಿ ಫೈಲ್ ಹಾಕಿ, ಬಯಾಸ್ ಒಳಗಿನ ಟೂಲಿಂದಲೇ ಫ್ಲ್ಯಾಶ್ ಮಾಡಿ (ಹೊಸ ಬಯಾಸ್ ಬರೆಸಿ), ವಿಂಡೋಸ್ ಒಳಗಿಂದ ಬೇಡ. ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. ಸಂಜೆ ಮಳೆ ಬರೋ ಹಾಗಿದ್ರೆ ನಾಳೆ ಮಾಡಿ, ನಮ್ಮೂರಲ್ಲಿ ನಾಲ್ಕು ಹನಿ ಬಿದ್ರೂ ಕರೆಂಟ್ ನಂಬೋ ಹಾಗಿಲ್ಲ. ಮುಗಿದ ಮೇಲೆ 1400ರಲ್ಲೇ ಒಂದ್ಸಲ ವಿಂಡೋಸ್ ತನಕ ಬೂಟ್ ಮಾಡಿ ನೋಡಿ. ಅಪ್‌ಡೇಟ್ ಆದಾಗ ಸೆಟ್ಟಿಂಗ್ ಎಲ್ಲಾ ಮೊದಲಿನಂತಾಗುತ್ತೆ. ವಿಂಡೋಸ್ ಹಳೇ ಲೆಗಸಿ ರೀತಿ ಇನ್‌ಸ್ಟಾಲ್ ಆಗಿದ್ರೆ ಬಯಾಸಲ್ಲಿ ಸಿಎಸ್ಎಂ (ಹಳೇ ರೀತಿ ಬೂಟ್ ಆಗೋಕೆ ಬಿಡೋ ಸೆಟ್ಟಿಂಗ್) ಮತ್ತೆ ಆನ್ ಮಾಡದೆ ಡಿಸ್ಕ್ ಬೂಟ್ ಆಗಲ್ಲ.

ಇನ್ನೊಂದು: ಡಿಸ್ಕಿಗೆ ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕೋ ಬೀಗ) ಇದ್ರೆ 48 ಅಂಕಿಯ ರಿಕವರಿ ಕೀ ಕಾಗದದಲ್ಲಿ ಬರೆದಿಟ್ಕೊಂಡು, ಬಿಟ್‌ಲಾಕರ್ ಸಸ್ಪೆಂಡ್ ಮಾಡಿ. ಪ್ರೊಸೆಸರ್ ಬದಲಾದ್ರೆ ಎಫ್‌ಟಿಪಿಎಂ (ಪ್ರೊಸೆಸರಲ್ಲೇ ಇರೋ ಭದ್ರತಾ ಭಾಗ) ಕೀಗಳು ಹೋಗ್ತವೆ. ಹೊಸದು ಹಾಕಿದಾಗ ಕಪ್ಪು ಪರದೆಯಲ್ಲಿ ಅದನ್ನ ರೀಸೆಟ್ ಮಾಡಲಾ ಅಂತ ಕೇಳುತ್ತೆ, ಕೀ ಕೈಲಿದ್ರೆ ಮಾತ್ರ ವೈ ಒತ್ತಿ.

ಥರ್ಮಲ್_ತಿಮ್ಮ
ಇನ್ನು ಕೂಲರ್ ಬಿಚ್ಚೋದು, ಪಿನ್ನು ಬಗ್ಗೋದು ಇಲ್ಲೇ. ನಿಮ್ಮ ಬೋರ್ಡಿನ ಸಾಕೆಟ್ ಎಎಂ4, ಇದರಲ್ಲಿ 1331 ಪಿನ್ನು ಪ್ರೊಸೆಸರಿನ ಹೊಟ್ಟೆಯಲ್ಲಿರ್ತವೆ. ಪ್ರೊಸೆಸರಿಂದ ಕೂಲರಿಗೆ ಶಾಖ ಸಾಗಿಸೋಕೆ ನಡುವೆ ಹಚ್ಚಿರೋ ಪೇಸ್ಟ್ ಇಷ್ಟು ವರ್ಷಕ್ಕೆ ಒಣಗಿ ಗೋಂದಿನ ಹಾಗಾಗಿರುತ್ತೆ. ನೇರ ಮೇಲಕ್ಕೆ ಎಳೆದ್ರೆ ಸಾಕೆಟ್ ಲಾಕ್ ಇದ್ರೂ ಪ್ರೊಸೆಸರ್ ಕೂಲರಿಗೆ ಅಂಟ್ಕೊಂಡು ಕಿತ್ತು ಬರುತ್ತೆ. ಅದಕ್ಕೇ ಮೊದಲು ಹತ್ತು ನಿಮಿಷ ಗೇಮ್ ಓಡಿಸಿ, ಪೇಸ್ಟ್ ಮೆತ್ತಗಾಗಲಿ. ಆಫ್ ಮಾಡಿ ವೈರ್ ಕಿತ್ತು, ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಲೋಹ ಮುಟ್ಟಿ. ನಾಲ್ಕು ಸ್ಕ್ರೂ ಎದುರುಬದುರಿಗೆ ಸ್ವಲ್ಪ ಸ್ವಲ್ಪ ಸಡಿಲಿಸಿ. ಹಿಂದಿನ ಪ್ಲೇಟ್ ಬಿದ್ದುಹೋಗುತ್ತೆ, ಒಂದು ಕೈ ಅಲ್ಲಿರಲಿ. ಆಮೇಲೆ ಕೂಲರನ್ನ ಡಬ್ಬದ ಮುಚ್ಚಳ ತಿರುಗಿಸೋ ಹಾಗೆ ಎಡಕ್ಕೆ ಬಲಕ್ಕೆ ತಿರುಗಿಸಿ, ಜಾರಿದ ಮೇಲೆ ಎತ್ತಿ.

ಅಕಸ್ಮಾತ್ ಪಿನ್ನು ಬಗ್ಗಿದ್ರೆ ಮೆಕಾನಿಕಲ್ ಪೆನ್ಸಿಲಿನ ಖಾಲಿ ತುದಿಯನ್ನ ಪಿನ್ನಿಗೆ ಪೋಣಿಸಿ ಮೆಲ್ಲಗೆ ನೆಟ್ಟಗೆ ಮಾಡಬಹುದು. ಹೊಸದನ್ನ ಹಾಕೋವಾಗ ಲಿವರ್ ಪೂರ್ತಿ ಎತ್ತಿ, ಚಿನ್ನದ ಬಣ್ಣದ ತ್ರಿಕೋನವನ್ನ ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಬಿಡಿ, ತನ್ನ ಭಾರಕ್ಕೆ ತಾನೇ ಕೂರಬೇಕು. ಬೆರಳಿಂದ ಒತ್ತಬೇಕು ಅನ್ನಿಸಿದ್ರೆ ಏನೋ ತಪ್ಪಾಗಿದೆ, ಎತ್ತಿ ನೋಡಿ. ಡಬ್ಬದ ಕೂಲರಿಗೆ ಪೇಸ್ಟ್ ಹಚ್ಚಿಯೇ ಬಂದಿರುತ್ತೆ, ಮೇಲೆ ಇನ್ನೊಂದು ಪದರ ಬಳೀಬೇಡಿ.

ಕೋರ್‌ಮಂಗಲ
ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನದು ಇಂಟೆಲ್ ಐ5-7400 ಪ್ರೊಸೆಸರ್, ಬಿ250 ಬೋರ್ಡ್. 8ನೇ ಪೀಳಿಗೆಯ ಪ್ರೊಸೆಸರಿಗೂ 1151 ಸಾಕೆಟ್ಟೇ ಅಲ್ವಾ, ಹಾಕಬಹುದಾ?

ಬಯಾಸ್_ಭೈರ
ಕೂರುತ್ತೆ, ಓಡಲ್ಲ. 8ನೇ ಪೀಳಿಗೆಗೆ 300 ಸರಣಿಯ ಬೋರ್ಡೇ ಬೇಕು. ನಿಮ್ಮ ಬೋರ್ಡಿನ ಕೊನೇ ಮೆಟ್ಟಿಲು ಐ7-7700, 4 ಕೋರ್, 8 ಥ್ರೆಡ್. ಸೆಕೆಂಡ್‌ಹ್ಯಾಂಡ್ ತೀರಾ ಅಗ್ಗಕ್ಕೆ ಸಿಕ್ಕಿದ್ರೆ ಸರಿ, ಇಲ್ಲಾಂದ್ರೆ ಆ ದುಡ್ಡು ಎತ್ತಿಡಿ.

ಬನಶಂಕರಿ_ಬಾಟ್
ಪರೀಕ್ಷೆ ಮಾಡಿದೆ. 720ಕ್ಕೆ ಇಳಿಸಿದ್ರೂ ಎಫ್‌ಪಿಎಸ್ ಅಷ್ಟೇ, ಕಾರ್ಡು 57ರಲ್ಲಿ. 5600 ತಗೊಳ್ತೀನಿ. ರ್‍ಯಾಮ್ ಹೀಗೇ ಇರಲಾ?

ಥರ್ಮಲ್_ತಿಮ್ಮ
ಬೇಡ, ಒಂದೇ ಸ್ಟಿಕ್ ಅಂದ್ರೆ ಸಿಂಗಲ್ ಚಾನೆಲ್ (ಮೆಮೊರಿಗೆ ಒಂದೇ ದಾರಿ), 5600ರ ಕಸುವಿನಲ್ಲಿ ಒಂದಷ್ಟು ಅಲ್ಲೇ ಸೋರಿ ಹೋಗುತ್ತೆ. 8 ಜಿಬಿಯ 3200 ಸ್ಟಿಕ್ ಎರಡು, ಒಂದೇ ಪ್ಯಾಕಿನದು ತಗೊಳ್ಳಿ. ಹಳೇ 2400 ಜೊತೆ ಬೆರೆಸಿದ್ರೆ ಎಲ್ಲಾ 2400ಕ್ಕೆ ಇಳಿಯುತ್ತೆ. ನಾಲ್ಕು ಸ್ಲಾಟ್ ಇದ್ರೆ ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ರಲ್ಲಿ ಹಾಕಿ, ಬಯಾಸಲ್ಲಿ ಎಕ್ಸ್ಎಂಪಿ (ಸ್ಟಿಕ್ಕನ್ನ ಅದರ ಪೂರ್ತಿ ವೇಗಕ್ಕೆ ಓಡಿಸೋ ಸೆಟ್ಟಿಂಗ್) ಆನ್ ಮಾಡಿ.

ಮೊದಲ ಸಲ ಆನ್ ಮಾಡಿದಾಗ ಮೆಮೊರಿ ಹೊಂದಿಸ್ಕೊಳ್ಳೋಕೆ ಒಂದೆರಡು ನಿಮಿಷ ಪರದೆ ಕಪ್ಪಾಗಿರಬಹುದು, ಗಾಬರಿಯಾಗಿ ಸ್ವಿಚ್ ಆರಿಸಬೇಡಿ. ಆಮೇಲೆ ಗೇಮ್ ಆಡ್ತಾ ಉಷ್ಣಾಂಶ ನೋಡಿ. ಡಬ್ಬದ ಕೂಲರಲ್ಲಿ 75ರ ಆಸುಪಾಸು ಮಾಮೂಲು. 5600ರ ಮಿತಿ 90 ಡಿಗ್ರಿ. ಆನ್ ಮಾಡಿದ ಒಂದೇ ನಿಮಿಷಕ್ಕೆ ಅಲ್ಲಿಗೆ ಹೋದ್ರೆ ಒಂದು ಸ್ಕ್ರೂ ಎಳೆ ಹಿಡಿದಿಲ್ಲ ಅಂತ, ಆರಿಸಿ ನಾಲ್ಕನ್ನೂ ಮತ್ತೆ ಬಿಗಿ ಮಾಡಿ.