ಅಪ್‌ಡೇಟ್: ನೀರಾಗುತ್ತಿದ್ದ ಬೀನ್ಸ್ ಸೂಪ್ ಈಗ ಹದಕ್ಕೆ ಬಂದಿದೆ

ಒಣ ಬೀನ್ಸ್ ಕಾಳಿನ ಸೂಪನ್ನು ಗಂಟೆಗಟ್ಟಲೆ ಕುದಿಸಿದರೂ ಅದು ನೀರಾಗಿಯೇ ಉಳಿಯುತ್ತದೆ, ಕಾಳೂ ಮೆತ್ತಗಾಗುವುದಿಲ್ಲ, ಏಕೆ ಎಂದು ನಾನು ಈ ಹಿಂದೆ ಇಲ್ಲಿ ನಿಮ್ಮನ್ನು ಕೇಳಿದ್ದೆ. ಟೊಮೆಟೊ ಹಾಕುವ ಹೊತ್ತೇ ತಪ್ಪಾಗಿದೆ ಎಂದು ನೀವು ಸೂಚಿಸಿದ್ದು ಸರಿಯಾಗಿತ್ತು: ಹುಳಿ ನೀರಿನಲ್ಲಿ ಕಾಳಿನ ಪೆಕ್ಟಿನ್ (ಕಾಳಿನ ಕೋಶಗಳನ್ನು ಅಂಟಿನಂತೆ ಹಿಡಿದಿಡುವ ಪದಾರ್ಥ) ಸುಲಭವಾಗಿ ಕರಗುವುದಿಲ್ಲವಾದ್ದರಿಂದ, ಟೊಮೆಟೊವನ್ನು ಮೊದಲೇ ಸುರಿದರೆ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ.

ಈ ಬಾರಿ ರಾತ್ರಿಯಿಡೀ ನೆನೆಸಿದ ಕಾಳನ್ನು, ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ 10 ನಿಮಿಷ ಕೊತಕೊತ ಕುದಿಸಿ, ಬಳಿಕ ಸಣ್ಣ ಉರಿಯಲ್ಲಿ, ಬೆರಳಿನಿಂದ ಒತ್ತಿದರೆ ಹಿಸುಕಿಹೋಗುವಷ್ಟು ಬೇಯಿಸಿದೆ; ಆಮೇಲಷ್ಟೇ, ಎಣ್ಣೆಯಲ್ಲಿ ಹೊಂಬಣ್ಣಕ್ಕೆ ಬಾಡಿಸಿದ ಈರುಳ್ಳಿ, ಕ್ಯಾರೆಟ್ ಮತ್ತು ಟೊಮೆಟೊ ಸೇರಿಸಿದೆ. ಕಾರ್ನ್‌ಫ್ಲೋರ್ ಬೇಕಾಗಲೇ ಇಲ್ಲ. ಬೆಂದ ಕಾಳನ್ನೇ ಎರಡು ಸೌಟು ತೆಗೆದು ಅರೆದು ಮತ್ತೆ ಪಾತ್ರೆಗೆ ಸುರಿದಾಗ, ಸೌಟಿನ ಬೆನ್ನಿಗೆ ತೆಳುವಾಗಿ ಅಂಟಿಕೊಳ್ಳುವಷ್ಟು ಹದ ಬಂದಿತು.

ಒಂದು ಎಡವಟ್ಟು ಮಾತ್ರ ನಡೆಯಿತು. ಉಪ್ಪನ್ನೆಲ್ಲ ಆರಂಭದಲ್ಲೇ ಹಾಕಿದ್ದರಿಂದ, ನೀರು ಇಂಗಿದಂತೆ ಸೂಪ್ ಉಪ್ಪುಪ್ಪಾಯಿತು. ಆಲೂಗಡ್ಡೆ ಉಪ್ಪನ್ನು ಹೀರಿಕೊಳ್ಳುತ್ತದೆ ಎಂಬ ಸಲಹೆ ನನ್ನ ಪಾತ್ರೆಯಲ್ಲಂತೂ ಫಲಿಸಲಿಲ್ಲ. ಒಂದು ಲೋಟ ಬಿಸಿನೀರೇ ಅದನ್ನು ಸರಿಪಡಿಸಿತು. ಮರುದಿನಕ್ಕೆ ಉಳಿದದ್ದು ಇನ್ನಷ್ಟು ಮಂದವಾಗಿ, ಮೊದಲ ದಿನಕ್ಕಿಂತ ರುಚಿಯಾಗಿತ್ತು.