ಸೈನ್ ಹಾಕಿದ್ರೆ ಕೋಡ್ ಗೂಗಲ್ ಪಾಲು!! (ನಮ್ಮನೆ ಗ್ರೂಪಲ್ಲಿ ನಡೆದಿದ್ದು)

ದೊಡ್ಡಪ್ಪ: [ಫಾರ್ವರ್ಡ್] ಎಚ್ಚರ!! ಯಾರು ಬೇಕಾದರೂ ನೋಡಿ ಬಳಸಬಹುದಾದ ಓಪನ್ ಸೋರ್ಸ್ ಸಾಫ್ಟ್‌ವೇರ್‌ಗೆ ಕೋಡ್ ಕೊಡುವ ಉದ್ಯೋಗಿಗಳೇ, ಸಿಎಲ್‌ಎ (ಕೋಡ್ ಕೊಡುವವರ ಒಪ್ಪಂದ) ಪತ್ರಕ್ಕೆ ಸಹಿ ಹಾಕಿದರೆ ನೀವು ಬರೆದದ್ದೆಲ್ಲ ಗೂಗಲ್ ಪಾಲು! ಎಲ್ಲರಿಗೂ ತಿಳಿಸಿ 🙏

ದೊಡ್ಡಪ್ಪ: ಕಾರ್ತಿ ಓದಪ್ಪ. ರಾತ್ರಿಯೆಲ್ಲಾ ಬಿಟ್ಟಿ ದುಡೀತಿಯಲ್ಲ

ಕಾರ್ತಿ: ದೊಡ್ಡಪ್ಪ ಇದು ಸುಳ್ಳು. ಗೂಗಲ್‌ದಾಗ್ಲಿ ಓಪನ್ ಸೋರ್ಸ್ ಸಂಸ್ಥೆ ಅಪಾಚೆದಾಗ್ಲಿ, ಸಿಎಲ್‌ಎಲಿ ಕಾಪಿರೈಟ್ ಬರೆದೋರ ಹತ್ರಾನೇ ಉಳಿಯುತ್ತೆ, ಬಳಸೋಕೆ ಲೈಸೆನ್ಸ್ ಅಷ್ಟೇ ಕೊಡೋದು

ಸುಮಕ್ಕ: ಬರೆದೋರು ಅಂದ್ರೆ ಯಾರು? 1957ರ ಕಾಪಿರೈಟ್ ಆಕ್ಟ್ ಸೆಕ್ಷನ್ 17 ನೋಡು. ಕೆಲಸದ ಭಾಗವಾಗಿ ಬರೆದಿದ್ರೆ, ಬೇರೆ ಒಪ್ಪಂದ ಇಲ್ದಿದ್ರೆ, ಮೊದಲ ಮಾಲೀಕರು ಕಂಪನಿಯವ್ರೇ. ನಿನ್ದಲ್ಲದ್ದಕ್ಕೆ ನೀನ್ಯಾವ ಲೈಸೆನ್ಸ್ ಕೊಡ್ತೀಯ

ಕಾರ್ತಿ: ಅದಕ್ಕೇ ಕಾರ್ಪೊರೇಟ್ ಸಿಎಲ್‌ಎ ಇರೋದು ಅಕ್ಕ, ಕಂಪನಿಲಿ ಅಧಿಕಾರ ಇರೋರು ಸೈನ್ ಮಾಡಿ ಯಾರ್ಯಾರು ಕೋಡ್ ಕಳಿಸ್ಬಹುದು ಅಂತ ಪಟ್ಟಿ ಕೊಡ್ತಾರೆ

ಸುಮಕ್ಕ: ನಿನ್ ಹೆಸರಿದ್ಯಾ

ಕಾರ್ತಿ: ಲೀಗಲ್‌ಗೆ ಹೋಗಿದೆ ಅಂತಾರೆ. ನಾನ್ ಕಳಿಸಿದ್ದು ಕನ್ನಡ ಒತ್ತಕ್ಷರ ಒಡೆದು ಕಾಣ್ತಿತ್ತಲ್ಲ ಅದರ ಫಿಕ್ಸ್, ನಾಕೇ ಸಾಲು, ತಾನಾಗೇ ಪರೀಕ್ಷಿಸೋ ಬಾಟ್ ಬಂದು ಸಿಎಲ್‌ಎ ಇಲ್ಲ ಅಂತ ಕೆಂಪು ಗುರುತು ಹಾಕ್ಬಿಟ್ಟು ಕೂತಿದೆ

ದೊಡ್ಡಪ್ಪ: ಅನ್ನ ಕೊಟ್ಟೋರಿಗೆ ನಿಯತ್ತಿರ್ಬೇಕು. ಎಚ್‌ಎಂಟಿಲಿ ನಾವು ಓದ್ದೆ ಒಂದ್ ಕಾಗದಕ್ಕೂ ಸಹಿ ಹಾಕ್ತಿರ್ಲಿಲ್ಲ

ಸುಮಕ್ಕ: ಕೆಂಗೇರಿ ಸೈಟ್ ಪತ್ರ?

ದೊಡ್ಡಮ್ಮ: ಸುಮಾ, ಅದನ್ನ ಇಲ್ಲಿ ಎತ್ತಬೇಡ

ರಘು: ಎಚ್‌ಎಂಟಿ ಅಂದ್ರೆ ದೊಡ್ಡಪ್ಪನ ಸ್ಕೂಟರ್ ನೆನಪಾಗುತ್ತೆ, ಮೂರು ಜನ ಹುಡುಗ್ರನ್ನ ಕೂರಿಸ್ಕೊಂಡು ಬಸವನಗುಡಿ ಕಡ್ಲೆಕಾಯಿ ಪರ್ಷೆಗೆ ಹೋಗೋರು, ಕಾರ್ತಿ ಮುಂದೆ ನಿಂತ್ಕೊಂಡು ಹಾರ್ನ್ ಒತ್ತೋನು 😂

ಕಾರ್ತಿ: ರಘು ಆಮೇಲೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳು ಕರ್ನಲಲ್ಲಿ ಸಿಎಲ್‌ಎನೇ ಇಲ್ಲ, 2004ರಿಂದ ಪ್ರತಿ ಪ್ಯಾಚ್ (ಕೋಡ್ ತಿದ್ದುಪಡಿ) ಕೆಳಗೆ ಸೈನ್ಡ್ ಆಫ್ ಬೈ ಅಂತ ಹೆಸರು ಹಾಕಿದ್ರೆ ಆಯ್ತು

ಸುಮಕ್ಕ: ಆಯ್ತೇನ್ ಬಂತು, ಕಳಿಸೋ ಹಕ್ಕು ನಂಗಿದೆ ಅಂತಾನೇ ಅದರಲ್ಲೂ ನೀನು ಹೇಳ್ತಿರೋದು. ಆಮೇಲೆ ಲೈಸೆನ್ಸ್ ಅಷ್ಟೇ ಅಂತ ಹಗುರವಾಗಿ ಹೇಳ್ಬೇಡ, 2023ರಲ್ಲಿ ಹ್ಯಾಶಿಕಾರ್ಪ್ ಕಂಪನಿ ತನ್ನ ಟೆರಾಫಾರ್ಮ್ ಸಾಫ್ಟ್‌ವೇರ್ ಲೈಸೆನ್ಸ್ ಬದಲಾಯಿಸ್ತಲ್ಲ, ಹೊರಗಿನೋರೂ ಕೋಡ್ ಕೊಟ್ಟಿದ್ರು, ಸಿಎಲ್‌ಎಗೆ ಒಪ್ಪಿದ್ದೋರನ್ನ ಮತ್ತೆ ಕೇಳ್ಬೇಕಾಗ್ಲಿಲ್ಲ

ದೊಡ್ಡಪ್ಪ: ನಾನ್ ಹೇಳಿದ್ದೂ ಅದೇ

ಕಾರ್ತಿ: ನೀವು ಹೇಳಿದ್ದು ಅದಲ್ಲ ದೊಡ್ಡಪ್ಪ!!

ಸುಮಕ್ಕ: ಕಾರ್ತಿ, ನಿನ್ ಅಪಾಯಿಂಟ್‌ಮೆಂಟ್ ಲೆಟರಲ್ಲಿ ಮನೇಲಿ ಬರೆದ ಕೋಡ್ ಬಗ್ಗೆ ಏನಿದೆ ನೋಡ್ತೀನಿ, ನಂಗೊಬ್ಳಿಗೆ ಕಳ್ಸು. ಗ್ರೂಪಿಗೆ ಹಾಕ್ಬೇಡ, ಸಂಬಳ ಕಾಣುತ್ತೆ

ದೊಡ್ಡಮ್ಮ: ಅಂದ್ಹಾಗೆ ಈಗ ಎಷ್ಟು ಕೊಡ್ತಾರೋ ಕಾರ್ತಿ?